ಹಳೇ ಸ್ಟಾಕು, ಹಳದಿ ಕುಲಾವಿ

ಕಚ್ಚಾ ತೈಲದ ಬೆಲೆ ಇಳಿದರೂ ಪೆಟ್ರೋಲಿನ ಬೆಲೆ ಯಾಕೆ ಇಳಿಯುವುದಿಲ್ಲ ಎಂಬ ಬಗ್ಗೆ ದೊಡ್ಡ ದೊಡ್ಡ ಪಂಡಿತರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರಂತೆ. ನಾನು ಒಂದನ್ನೂ ಓದಿಲ್ಲ. ಓದುವ ಅಗತ್ಯವೇ ಬೀಳಲಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಉಗ್ರಾಣಿಯವರಿದ್ದರು. ಅವರ ದಯೆಯಿಂದ ಆ ವಿದ್ಯೆಯನ್ನು ಇಡೀ ಬೀದಿಯವರು ತಂತಮ್ಮ ಸ್ಕೂಟರಿನ ಮೇಲೆ ಕೂತೇ ಕಲಿತೆವು.

ಉಗ್ರಾಣಿ ಎಂಬುದು ನಾವು ಇಟ್ಟ ಹೆಸರು. ಕಚೇರಿಯ ಭಾಷೆಯಲ್ಲಿ ಅವರು ಸ್ಟೋರ್ ಕೀಪರ್. ಪೆನ್ನು, ಪಿನ್ನು, ಗೋಂದು, ಕಾಗದ, ಕಸಬರಿಗೆ, ಹೀಗೆ ಕಚೇರಿಗೆ ಬರುವ ಪ್ರತಿಯೊಂದು ವಸ್ತುವೂ ಮೊದಲು ಅವರ ಕಿಟಕಿಯಿಲ್ಲದ ಕೋಣೆಯನ್ನು ಹೊಕ್ಕು, ಅವರ ಅಪ್ಪಣೆಯಾದ ಮೇಲೆ ಹೊರಗೆ ಬರಬೇಕು. ಆ ಕೋಣೆಯ ಬಾಗಿಲ ಮೇಲೆ ಅವರೇ ಬಣ್ಣದಲ್ಲಿ ಬರೆದ ಎರಡು ಪದಗಳಿದ್ದವು: ‘ಹಳೇದು ಮೊದಲು’. ಹಳೆಯ ಗೋಂದು ಮುಗಿಯದೆ ಹೊಸ ಗೋಂದು ಹೊರಗೆ ಬರುವಂತಿಲ್ಲ. ಹಳೆಯ ಗೋಂದು ಮುಗಿಯುವಷ್ಟರಲ್ಲಿ ಹೊಸ ಗೋಂದು ಒಳಗೇ ಹಳೆಯದಾಗಿ, ಒಣಗಿ ಕಲ್ಲಾಗಿರುತ್ತಿತ್ತು. ಇಪ್ಪತ್ತೆರಡು ವರ್ಷಗಳಿಂದ ಆ ಕಚೇರಿಯ ಗುಮಾಸ್ತರು ಲಕೋಟೆಗಳನ್ನು ಎಂಜಲಿನಿಂದಲೇ ಅಂಟಿಸುತ್ತಿದ್ದರು. ಒಮ್ಮೆ ಹಿರಿಯ ಅಧಿಕಾರಿಯೇ ಬಂದು ಹೊಸ ಪೆನ್ನು ಕೇಳಿದಾಗ, “ಹಳೇದು ಖಾಲಿ ಆಗಿದ್ದು ತೋರಿಸಿ ಸಾರ್” ಎಂದಿದ್ದರಂತೆ. ಅಧಿಕಾರಿ ಪೆನ್ನು ತೋರಿಸಿದರು. ಉಗ್ರಾಣಿಯವರು ಅದನ್ನು ದೀಪಕ್ಕೆ ಹಿಡಿದು, ಅಂಗೈಯಲ್ಲಿ ಉಜ್ಜಿ, ಬಾಯಿಂದ ಬಿಸಿ ಊದಿ, “ಇನ್ನೂ ಎರಡು ಸಹಿ ಇದೆ ಸಾರ್ ಇದರಲ್ಲಿ” ಎಂದು ವಾಪಸು ಕೊಟ್ಟರು.

ಮನೆಯಲ್ಲೂ ಅದೇ ಕಾನೂನು. ನಮ್ಮ ಮನೆಯಿಂದ ದಿನಪತ್ರಿಕೆ ಒಯ್ಯುತ್ತಿದ್ದರು, ಆದರೆ ಮೊನ್ನೆಯದು ಓದಿ ಮುಗಿಯದೆ ನಿನ್ನೆಯದನ್ನು ಮುಟ್ಟುತ್ತಿರಲಿಲ್ಲ. ಹೀಗಾಗಿ ಲೋಕದಲ್ಲಿ ನಡೆದ ಎಲ್ಲವೂ ಅವರಿಗೆ ಮೂರು ದಿನ ತಡವಾಗಿ ತಿಳಿಯುತ್ತಿತ್ತು. ಅವರ ಹೆಂಡತಿ, ಬೀದಿಗೆಲ್ಲ ಆಕೆ ‘ಅಕ್ಕ’, ಇದನ್ನೆಲ್ಲ ನಗುನಗುತ್ತಲೇ ಸಹಿಸಿಕೊಂಡು ಬಂದಿದ್ದರು. ಹೊಸ ಸೋಪಿಗೆ ಹಳೇ ಸೋಪಿನ ಚೂರು ಅಂಟಿಸುವ ಕಲೆಯಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ.

ಆ ಅಕ್ಕನಿಗೆ ಒಬ್ಬಳೇ ತಂಗಿ. ತಾಯಿ ಬೇಗ ತೀರಿಕೊಂಡಿದ್ದರಿಂದ ಅಕ್ಕನೇ ಅವಳಿಗೆ ತಲೆ ಬಾಚಿ, ಅನ್ನ ಕಲಸಿ, ಜ್ವರ ಬಂದರೆ ರಾತ್ರಿಯಿಡೀ ಎದೆಗವಚಿಕೊಂಡು ಬೆಳೆಸಿದ್ದು. ಆ ತಂಗಿ ಮದುವೆಯಾಗಿ ಎಂಬತ್ತು ಕಿಲೋಮೀಟರ್ ಆಚೆಯ ಊರಿಗೆ ಹೋಗಿ, ಒಂಬತ್ತು ವರ್ಷ ಹಂಬಲಿಸಿದ ಮೇಲೆ ಒಂದು ಹೆಣ್ಣು ಮಗುವನ್ನು ಹೆತ್ತಳು. ಫೋನು ಬಂದ ದಿನ ಅಕ್ಕ ನಮ್ಮ ಮನೆಗೆ ಓಡಿ ಬಂದು ನನ್ನ ಹೆಂಡತಿಯನ್ನು ತಬ್ಬಿಕೊಂಡು ಅತ್ತರು. ಅತ್ತು ಮುಗಿಯುವ ಮೊದಲೇ ಹಳದಿ ಉಲ್ಲನ್ ತೆಗೆದು ಕುಲಾವಿ ಹೆಣೆಯಲು ಕೂತರು.

“ರೀ, ನಾಳೇನೇ ಹೊರಡೋಣ. ಸ್ಕೂಟರ್‌ಗೆ ಪೆಟ್ರೋಲ್ ಹಾಕಿಸ್ಕೊಂಡು ಬನ್ನಿ.” ಬಸ್ಸು ಹತ್ತಿದರೆ ಮೊದಲ ತಿರುವಿಗೇ ಅಕ್ಕನಿಗೆ ತಲೆ ಸುತ್ತಿ ವಾಂತಿಯಾಗುತ್ತಿತ್ತು. ಹಾಗಾಗಿ ಸ್ಕೂಟರೇ ಗತಿ.

ಉಗ್ರಾಣಿಯವರು ಪತ್ರಿಕೆಯಿಂದ ತಲೆಯೆತ್ತಿದರು. “ನೋಡೇ, ಕಚ್ಚಾ ತೈಲದ ಬೆಲೆ ಬಿದ್ದುಹೋಗಿದೆ. ಮೂರನೇ ಒಂದು ಭಾಗ ಇಳಿದಿದೆ. ಮುಂದಿನ ವಾರ ಪೆಟ್ರೋಲೂ ಇಳಿಯುತ್ತೆ. ಒಂದು ವಾರಕ್ಕೋಸ್ಕರ ಯಾಕೆ ಬಂಕಿನವನ ಹೊಟ್ಟೆ ತುಂಬಿಸ್ಬೇಕು? ಮಗು ಎಲ್ಲಿ ಓಡಿಹೋಗುತ್ತೆ?”

ಮಗು ಎಲ್ಲಿ ಓಡಿಹೋಗುತ್ತೆ! ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ವಾರ ಕಳೆಯಿತು. ಉಗ್ರಾಣಿಯವರು ಬಂಕಿಗೆ ಹೋದರು; ಜೊತೆಗೆ ನಾನೂ ಹೋದೆ. ಬೋರ್ಡಿನ ಮೇಲಿನ ದರ ಬಂಡೆಯಂತೆ ಕೂತಿತ್ತು. ಬಂಕಿನ ಯಜಮಾನರು ಗಾಜಿನ ಕೋಣೆಯಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು.

“ಏನ್ ಸ್ವಾಮಿ, ಕಚ್ಚಾ ತೈಲ ಇಳಿದು ಹತ್ತು ದಿನ ಆಯ್ತು. ಇಲ್ಲಿ ಯಾಕೆ ಇಳಿದಿಲ್ಲ?”

“ಇಳಿಸೋಣ ಸಾರ್, ಇಳಿಸದೇ ಏನು” ಎಂದು ಯಜಮಾನರು ಕಿರುಬೆರಳಿಗೆ ಬಂದರು. “ಆದ್ರೆ ಈಗ ಟ್ಯಾಂಕಿನಲ್ಲಿರೋದು ಹಳೇ ಸ್ಟಾಕು. ಹಳೇ ದರಕ್ಕೆ ತಂದಿದ್ದು. ಅದು ಮುಗೀಲಿ, ಆಮೇಲೆ ಹೊಸ ದರ.”

ಬೇರೆ ಯಾರೇ ಆಗಿದ್ದರೂ ಜಗಳ ತೆಗೆಯುತ್ತಿದ್ದರು. ಆದರೆ ಉಗ್ರಾಣಿಯವರ ಮುಖ ಅರಳಿತು. ಕಾಡಿನಲ್ಲಿ ದಾರಿ ತಪ್ಪಿದವನಿಗೆ ತನ್ನ ಊರಿನ ಭಾಷೆ ಕೇಳಿಸಿದಂತಾಯಿತು ಅವರಿಗೆ. ಬಾಗಿ ಯಜಮಾನರ ಕೈಯನ್ನು ಕತ್ತರಿಯ ಸಮೇತ ಹಿಡಿದುಕೊಂಡರು.

“ಹಳೇದು ಮೊದಲು! ಇಪ್ಪತ್ತೆರಡು ವರ್ಷದಿಂದ ನಾನು ಬಡ್ಕೋತಾ ಇರೋದೂ ಇದನ್ನೇ. ನನ್ನ ಕಚೇರೀಲಿ ಒಬ್ಬನಿಗೂ ಅರ್ಥ ಆಗಿಲ್ಲ. ನೀವು ಶಿಸ್ತಿನ ಮನುಷ್ಯ ಕಣ್ರೀ. ನಾನು ಕಾಯ್ತೀನಿ.”

ಯಜಮಾನರು ಆಶ್ಚರ್ಯದಿಂದ ನನ್ನ ಕಡೆ ನೋಡಿದರು. ಅವರ ವೃತ್ತಿಜೀವನದಲ್ಲಿ ಈ ಉತ್ತರಕ್ಕೆ ಧನ್ಯವಾದ ಹೇಳಿದ ಮೊದಲ ಗಿರಾಕಿ ಇವರೇ ಇರಬೇಕು.

ಉಗ್ರಾಣಿಯವರು ಕಾದರು. ಅಕ್ಕನೂ ಕಾದರು. ಕಚ್ಚಾ ತೈಲ ಮತ್ತೆ ಇಳಿಯಿತು. ಅತ್ತ ಮಗುವಿನ ಕತ್ತು ನಿಂತಿತು. ಬೋರ್ಡು ಹಾಗೇ ಇತ್ತು. ಮಗು ಕವುಚಿ ಬಿತ್ತು. ಹೆಣೆದ ಕುಲಾವಿ ಚಿಕ್ಕದಾಯಿತೆಂದು ಅಕ್ಕ ಅದನ್ನು ಬಿಚ್ಚಿ, ಅದೇ ಉಲ್ಲನ್‌ನಲ್ಲಿ ಸ್ವಲ್ಪ ದೊಡ್ಡದಾಗಿ ಮತ್ತೆ ಹೆಣೆದರು. ಮಗು ಎದ್ದು ಕೂತಿತು. ಅಕ್ಕ ಕುಲಾವಿಯನ್ನು ಮತ್ತೆ ಬಿಚ್ಚಿದರು. ಈ ಸಲ ಉಲ್ಲನ್ ಸಾಲದೆ ಬಂದಾಗ ಹೊಸ ಉಂಡೆ ತರಲು ಹೊರಟರೆ, “ಪೆಟ್ಟಿಗೇಲಿ ಹಳೇ ಸ್ವೆಟರ್ ಇದೆಯಲ್ಲ, ಅದು ಮುಗೀಲಿ” ಎಂಬ ಅಪ್ಪಣೆಯಾಯಿತು. ಸ್ವೆಟರಿನ ದಾರ ಮುಟ್ಟಿದರೆ ತುಂಡಾಗುತ್ತಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂದು ಜನ ಗಾದೆ ಮಾಡಿ ನಗುತ್ತಾರೆ. ಇಲ್ಲಿ ಕೂಸು ಹುಟ್ಟಿ, ಎರಡು ಹಲ್ಲು ಬಂದರೂ ಕುಲಾವಿಯ ನೆತ್ತಿ ಮುಚ್ಚಿರಲಿಲ್ಲ.

“ಫೋನಿನಲ್ಲಿ ಫೋಟೋ ಕಳಿಸ್ತಾಳಲ್ಲೇ” ಎಂದು ಉಗ್ರಾಣಿಯವರು ಸಮಾಧಾನ ಹೇಳಿದರು.

“ಫೋಟೋ ನೋಡಿದ್ರೆ ಕೈಗೆ ಭಾರ ಸಿಗುತ್ತೇನ್ರೀ?” ಎಂದರು ಅಕ್ಕ. ಗೋಡೆಯ ಈಚೆಗಿದ್ದ ನಮಗೂ ಅದು ಕೇಳಿಸಿತು. ನನ್ನ ಹೆಂಡತಿ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು, ತಪ್ಪೆಲ್ಲ ನನ್ನದೇ ಎಂಬಂತೆ.

ಮಗು ಅಂಬೆಗಾಲಿಡತೊಡಗಿದೆ ಎಂಬ ಸುದ್ದಿ ಬಂದ ದಿನ ಉಗ್ರಾಣಿಯವರ ತಾಳ್ಮೆಯೂ ಕೊಂಚ ಅಲುಗಿತು. ಮತ್ತೆ ಬಂಕಿಗೆ ಹೋದೆವು. ಆ ಹೊತ್ತಿಗೆ ಸರಿಯಾಗಿ ಟ್ಯಾಂಕರ್ ಲಾರಿ ಬಂದು, ನೆಲದ ಮೇಲಿನ ಕಬ್ಬಿಣದ ಮುಚ್ಚಳ ತೆಗೆದು, ದಪ್ಪ ಪೈಪು ಒಳಗಿಳಿಸಿ ನಿಂತಿತ್ತು. ಬಂಕಿನಲ್ಲಿ ಪೆಟ್ರೋಲ್ ಹಾಕುವ ಹೆಂಗಸು ಉದ್ದನೆಯ ಹಿತ್ತಾಳೆಯ ಅಳತೆಕೋಲನ್ನು ಟ್ಯಾಂಕಿನಿಂದ ಎಳೆದು ಒರೆಸುತ್ತಿದ್ದಳು.

“ನಿಲ್ಲಿಸಿ!” ಎಂದು ಉಗ್ರಾಣಿಯವರು ಕೂಗಿದರು. “ಒಳಗೆ ಹಳೇ ಸ್ಟಾಕ್ ಇದೆಯಾ?”

“ಇದೆ ಸಾರ್. ಈಗಷ್ಟೇ ಕೋಲು ಹಾಕಿ ನೋಡ್ದೆ. ಮೊಣಕಾಲುದ್ದ ಇದೆ.”

“ಅದರ ಮೇಲೇ ಹೊಸದು ಸುರೀತಾ ಇದ್ದೀರಾ?”

“ಮತ್ತೆ? ಕೆಳಗಿಂದ ಸುರಿಯೋಕಾಗುತ್ತಾ ಸಾರ್?”

“ಹಾಗಾದ್ರೆ ಹಳೇದು ಯಾವತ್ತಮ್ಮಾ ಮುಗಿಯೋದು?”

ಅವಳು ಕೋಲನ್ನು ಗೋಡೆಗೆ ಒರಗಿಸಿ ಯೋಚಿಸಿದಳು. “ನಾನು ಇಲ್ಲಿ ಸೇರಿ ಒಂಬತ್ತು ವರ್ಷ ಆಯ್ತು ಸಾರ್. ಮುಗಿದಿದ್ದನ್ನ ನೋಡಿಲ್ಲ.”

ಉಗ್ರಾಣಿಯವರು ಅಲ್ಲೇ ಗಾಳಿ ಹಾಕುವ ಯಂತ್ರದ ಪಕ್ಕ ಕುಸಿದು ಕೂತರು. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಇಂಥ ಅನಾಚಾರವನ್ನು ಕಂಡಿರಲಿಲ್ಲ. ಹಳೆಯದರ ಮೇಲೆ ಹೊಸದನ್ನು ಸುರಿಯುವುದೆಂದರೆ! ತಳದಲ್ಲಿ ಕೂತ ಆ ಮೊಣಕಾಲುದ್ದದ ಹಳೇ ಪೆಟ್ರೋಲೇ ಬೋರ್ಡಿನ ದರವನ್ನು ಹಿಡಿದು ನಿಲ್ಲಿಸಿದೆ ಎಂಬುದು ಅವರಿಗೆ ಮನದಟ್ಟಾಯಿತು. ನಿಜ ಹೇಳಬೇಕೆಂದರೆ ನನಗೂ ಆಯಿತು. ಅವರ ಮಾತಿನಲ್ಲಿ ಅಂಥದೊಂದು ಧಾಟಿ ಇರುತ್ತಿತ್ತು.

ಅಂದು ಸಂಜೆ ಅವರ ಮನೆಯ ಮೆಟ್ಟಿಲ ಮೇಲೆ ಬೀದಿಯ ಸಭೆ ಸೇರಿತು. ಉಗ್ರಾಣಿಯವರು ಬೆರಳಲ್ಲಿ ಹಿಡಿಯಲೂ ಸಿಗದ ಸೀಮೆಸುಣ್ಣದ ಚೂರೊಂದರಿಂದ ನೆಲದ ಮೇಲೆ ಟ್ಯಾಂಕಿನ ಚಿತ್ರ ಬರೆದು, ತಳಕ್ಕೆ ಗೆರೆ ಎಳೆದರು.

“ಇದು ಹಳೇ ಸ್ಟಾಕು. ಟ್ಯಾಂಕರ್ ಬರೋದು ಹದಿನೈದು ದಿನಕ್ಕೊಮ್ಮೆ. ಮಧ್ಯದಲ್ಲಿ ಬೇಕಂದ್ರೂ ಎರಡು ದಿನ ಮುಂಚೆ ಹೇಳ್ಬೇಕು. ಅದು ಬರೋದ್ರೊಳಗೆ ನಾವೆಲ್ಲ ಸೇರಿ ಈ ಟ್ಯಾಂಕನ್ನ ತಳದವರೆಗೆ ಖಾಲಿ ಮಾಡ್ಬೇಕು. ಒಂದು ತೊಟ್ಟೂ ಉಳೀಬಾರ್ದು. ಆಮೇಲೆ ಬೀಳೋದು ಬರೀ ಹೊಸ ಸ್ಟಾಕು, ಹೊಸ ದರ!”

“ಖಾಲಿ ಮಾಡೋದು ಅಂದ್ರೆ?” ಎಂದು ಯಾರೋ ಕೇಳಿದರು.

“ಕೊಂಡ್ಕೊಳ್ಳೋದು!”

“ಹಳೇ ದರಕ್ಕಾ?”

“ಹಳೇ ಸ್ಟಾಕಿಗೆ ಹಳೇ ದರಾನೇ ಅಲ್ವೇನ್ರೀ? ನ್ಯಾಯ ಅನ್ನೋದು ಬೇಡ್ವಾ?”

ಎದುರು ಮನೆಯ ನಿವೃತ್ತ ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು. ವಿಜ್ಞಾನ ಕಲಿಸಿದವರು, ಸಂದೇಹ ಕೇಳುವುದು ಅವರ ಹಕ್ಕು. “ನಮ್ಮ ಸ್ಕೂಟರ್‌ಗಳ ಟ್ಯಾಂಕು ಪುಟ್ಟದು. ಒಂದು ಸಲ ತುಂಬಿದ ಮೇಲೆ ಮತ್ತೆ ಹೇಗೆ ಕೊಂಡ್ಕೊಳ್ತೀರಿ?”

“ಸುಟ್ಟು ಖಾಲಿ ಮಾಡಿ, ಮತ್ತೆ ತುಂಬಿಸೋದು” ಎಂದರು ಉಗ್ರಾಣಿಯವರು ಶಾಂತವಾಗಿ.

ಮೇಷ್ಟ್ರೇ ಮೊದಲು ಕೈ ಎತ್ತಿದರು. “ನನ್ನ ಹತ್ರ ಗಾಡಿ ಇಲ್ಲ. ಆದ್ರೆ ನಾನು ಹಿಂದೆ ಕೂತ್ಕೋತೀನಿ. ನನ್ನ ತೂಕ ಎಂಬತ್ತೈದು ಕಿಲೋ. ಭಾರ ಹೆಚ್ಚಿದಷ್ಟೂ ಗಾಡಿ ಹೆಚ್ಚು ಕುಡಿಯುತ್ತೆ. ಇದು ವಿಜ್ಞಾನ.” ಚಪ್ಪಾಳೆ ಬಿತ್ತು. ಅವರನ್ನು ಹೊರುವ ಭಾಗ್ಯ ನನ್ನ ಸ್ಕೂಟರಿಗೆ ಬಂತು.

ಮರುದಿನ ಸಂಜೆಯಿಂದ ಅಭಿಯಾನ ಶುರುವಾಯಿತು. ನಮ್ಮ ಬೀದಿ, ಬಂಕಿನ ವೃತ್ತ, ಅಂಚೆ ಕಚೇರಿ, ಮತ್ತೆ ನಮ್ಮ ಬೀದಿ. ಒಂದು ಸುತ್ತಿಗೆ ಸರಿಯಾಗಿ ಒಂದು ಕಿಲೋಮೀಟರು. ಹದಿನೆಂಟು ಗಾಡಿಗಳು, ದಿನಕ್ಕೆ ನಲವತ್ತು ಸುತ್ತು. ಮುಂದೆ ಉಗ್ರಾಣಿಯವರು, ಬೆನ್ನು ನೆಟ್ಟಗೆ. ಯಾರೂ ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಬಾರದೆಂದು ಕಟ್ಟಪ್ಪಣೆ. ಮೈಲೇಜ್ ಚೆನ್ನಾಗಿ ಕೊಡುವ ಹೊಸ ಗಾಡಿಯವರನ್ನು ಎಲ್ಲರೂ ತಿರಸ್ಕಾರದಿಂದ ನೋಡುತ್ತಿದ್ದೆವು. ಮೂಲೆಮನೆಯ ಟೈಲರ್ ತನ್ನ ಹೊಗೆ ಕಾರುವ ಹಳೇ ಮೋಟಾರ್ ಬೈಕಿನಿಂದಾಗಿ ಎರಡೇ ದಿನದಲ್ಲಿ ಬೀದಿಯ ಹೀರೋ ಆದ. ಅದು ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಮಾತ್ರ ಓಡುತ್ತದೆಂದು ಅವನು ಎದೆಯುಬ್ಬಿಸಿ ಹೇಳುವಾಗ ನಮಗೆಲ್ಲ ಹೊಟ್ಟೆಕಿಚ್ಚು.

“ನಿಮಗೂ ತಲೆ ಕೆಟ್ಟಿತಾ?” ಎಂದಳು ನನ್ನ ಹೆಂಡತಿ.

“ಹತ್ತು ಜನ ಹೋದ ದಾರಿ” ಎಂದೆ.

“ಅದು ದಾರಿ ಅಲ್ಲ. ಸುತ್ತು.”

ಬಂಕಿನ ಯಜಮಾನರು ಮಾತ್ರ ನಮ್ಮನ್ನು ಕಂಡರೆ ಎದ್ದು ನಿಲ್ಲತೊಡಗಿದರು. ಉಗ್ರಾಣಿಯವರಿಗೆ ವಿಶೇಷ ಮರ್ಯಾದೆ. “ನಿಮಗೆ ಯಾವತ್ತೂ ಗಾಳಿ ಫ್ರೀ ಸಾರ್” ಎಂದು ಘೋಷಿಸಿದರು. ಗಾಳಿ ಎಲ್ಲರಿಗೂ ಫ್ರೀ ಎಂದು ಅಲ್ಲೇ ಬೋರ್ಡು ಇದ್ದರೂ ಉಗ್ರಾಣಿಯವರು ಸಂಕೋಚದಿಂದ ತಲೆ ತಗ್ಗಿಸಿದರು.

ಐದನೇ ದಿನ ಪೊಲೀಸ್ ಸಾಹೇಬರು ವೃತ್ತದಲ್ಲಿ ಕೈ ಅಡ್ಡ ಹಿಡಿದರು. ಹದಿನೆಂಟು ಗಾಡಿಗಳೂ ಸಾಲಾಗಿ ನಿಂತವು.

“ಏನಿದು ಮೆರವಣಿಗೆ? ಪರವಾನಗಿ ಎಲ್ಲಿ?”

“ಮೆರವಣಿಗೆ ಅಲ್ಲ ಸಾರ್” ಎಂದರು ಉಗ್ರಾಣಿಯವರು. “ಪೆಟ್ರೋಲ್ ಸುಡ್ತಾ ಇದ್ದೀವಿ.”

“ಯಾಕೆ?”

“ದುಬಾರಿ ಆಗಿದೆ, ಅದಕ್ಕೆ.”

ಸಾಹೇಬರು ಪುಸ್ತಕ ತೆಗೆದು ಬರೆಯತೊಡಗಿದರು. ಒಂದು ಸಾಲು ಬರೆದು, ಅದನ್ನು ಓದಿಕೊಂಡು, ಹೊಡೆದು ಹಾಕಿದರು. ಮತ್ತೊಂದು ಸಾಲು ಬರೆದರು. ಅದನ್ನೂ ಹೊಡೆದರು. “ನೀವು ಎಲ್ಲಿಂದ ಎಲ್ಲಿಗೆ ಹೋಗ್ತಾ ಇದ್ದೀರಿ?”

“ನಮ್ಮ ಮನೆಯಿಂದ ನಮ್ಮ ಮನೆಗೆ ಸಾರ್.”

“ಅದು ಅಪರಾಧ ಅಲ್ಲ” ಎಂದು ಹಿಂದಿನಿಂದ ಮೇಷ್ಟ್ರು ಸಾರಿದರು. ಉಗ್ರಾಣಿಯವರು ಅವರಿಗೆ ಟ್ಯಾಂಕು, ತಳ, ಮೊಣಕಾಲುದ್ದದ ಹಳೇ ಸ್ಟಾಕು ಎಲ್ಲವನ್ನೂ ವಿವರಿಸಿದರು. ಕೊನೆಗೆ ಸಾಹೇಬರು ದನಿ ತಗ್ಗಿಸಿ ಕೇಳಿದರು: “ಹೀಗೆ ಮಾಡಿದ್ರೆ ನಿಜವಾಗ್ಲೂ ಇಳಿಯುತ್ತಾ?” ಮರುದಿನದಿಂದ ಸಂಜೆಯ ಗಸ್ತಿನಲ್ಲಿ ಅವರ ಜೀಪೂ ನಮ್ಮ ಹಿಂದೆ ಎರಡು ಸುತ್ತು ಹೆಚ್ಚು ಬರತೊಡಗಿತು.

ಹನ್ನೆರಡನೇ ದಿನದ ರಾತ್ರಿಯೂಟದ ಹೊತ್ತಿಗೆ ಪಕ್ಕದ ಮನೆಯಲ್ಲಿ ಲೆಕ್ಕ ಶುರುವಾಯಿತು. ಗೋಡೆ ತೆಳು, ನಮ್ಮ ಕಿವಿ ಚುರುಕು.

“ದಿನಕ್ಕೆ ಎಷ್ಟು ಸುತ್ತು ಅಂದ್ರಿ?” ಅಕ್ಕನ ದನಿ.

“ನಲವತ್ತು!” ಹೆಮ್ಮೆಯ ದನಿ.

“ಹನ್ನೆರಡು ದಿನಕ್ಕೆ ನಾನೂರ ಎಂಬತ್ತು ಕಿಲೋಮೀಟರ್. ನನ್ನ ತಂಗಿ ಮನೆಗೆ ಮೂರು ಸಲ ಹೋಗಿ ಮೂರು ಸಲ ಬರಬಹುದಿತ್ತು ಕಣ್ರೀ.”

ಅದಕ್ಕೆ ಉಗ್ರಾಣಿಯವರು ಹೇಳಿದ್ದನ್ನು ಕೇಳಿ ನಾನು ನೀರು ಕುಡಿಯುತ್ತಿದ್ದವನು ನೆತ್ತಿಗೇರಿಸಿಕೊಂಡೆ. “ಅಷ್ಟು ದೂರ ಹೋದ್ರೆ ವಾಪಸು ಬರೋಕೆ ಅವರೂರಿನ ಬಂಕಲ್ಲಿ ತುಂಬಿಸ್ಬೇಕು. ಆಗ ಮುಗಿಯೋದು ಅವರ ಹಳೇ ಸ್ಟಾಕು, ನಮ್ದಲ್ಲ.”

ಅಕ್ಕ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು. ಮರುದಿನ ಬೆಳಗ್ಗೆ ಉಗ್ರಾಣಿಯವರ ತಟ್ಟೆಗೆ ಹಿಂದಿನ ದಿನದ ತಂಗಳು ಬಿತ್ತಂತೆ. ಮಧ್ಯಾಹ್ನದ ಡಬ್ಬಿಯಲ್ಲೂ ಅದೇ. ಏನಿದು ಎಂದು ಕೇಳಿದ್ದಕ್ಕೆ, “ಹಳೇದು ಮೊದಲು” ಎಂಬ ಎರಡೇ ಪದದ ಉತ್ತರ ಬಂತಂತೆ. ಉಗ್ರಾಣಿಯವರು ಇದನ್ನು ನಮಗೆ ಹೇಳಿದ್ದು ದೂರಿನ ರೂಪದಲ್ಲಲ್ಲ. ಕೊನೆಗೂ ತಮ್ಮ ತತ್ವ ಮನೆಯಲ್ಲೂ ಗೆದ್ದಿತೆಂಬ ಸಂತೋಷದಲ್ಲಿ.

ಹದಿನಾಲ್ಕನೇ ದಿನ ಸಂಜೆ ಬಂಕಿನ ಹೆಂಗಸು ಅಳತೆಕೋಲು ಇಳಿಸಿ, ಎತ್ತಿ, ಎಲ್ಲರಿಗೂ ತೋರಿಸಿದಳು. ತುದಿ ಮಾತ್ರ ಒದ್ದೆ. ಸ್ವಲ್ಪ ಹೊತ್ತಿಗೆ ಪಂಪು ಕೆಮ್ಮಿ ಸುಮ್ಮನಾಯಿತು. ಯಜಮಾನರು ‘ಸ್ಟಾಕ್ ಇಲ್ಲ’ ಎಂಬ ಹಲಗೆ ತಂದು ನಿಲ್ಲಿಸಿದರು. ಆ ಹಲಗೆ ಕಂಡು ಜನ ಕುಣಿದಿದ್ದು ಲೋಕದಲ್ಲಿ ಅದೇ ಮೊದಲಿರಬೇಕು. ಮೇಷ್ಟ್ರು ಉಗ್ರಾಣಿಯವರನ್ನು ಅಪ್ಪಿಕೊಂಡರು. ಟೈಲರ್ ತನ್ನ ಬೈಕಿಗೆ ಮುತ್ತಿಟ್ಟ. ಹೊಸ ಪೆಟ್ರೋಲಿಗೆ ಜಾಗ ಇರಲಿ ಎಂದು ನಾವೆಲ್ಲ ಉಳಿದ ತೊಟ್ಟನ್ನೂ ಸುಟ್ಟು, ಗಾಡಿಗಳನ್ನು ತಳ್ಳಿಕೊಂಡೇ ಮನೆಗೆ ಬಂದೆವು.

ಬೆಳಗ್ಗೆ ಹತ್ತು ಗಂಟೆಗೆ ಟ್ಯಾಂಕರ್ ಬಂತು. ನಾವು ಎಂಟಕ್ಕೇ ಸಾಲು ನಿಂತಿದ್ದೆವು. ಖಾಲಿ ಟ್ಯಾಂಕಿಗೆ ಹೊಸ ಪೆಟ್ರೋಲ್ ಬೀಳುವ ಗುಡುಗುಡು ಸದ್ದನ್ನು ಉಗ್ರಾಣಿಯವರು ಕಣ್ಣು ಮುಚ್ಚಿ ಕೇಳಿದರು. ಮೇಲೆ ಒಂದು ತೊಟ್ಟು ಹಳೆಯದಿಲ್ಲ, ಕೆಳಗೆ ಒಂದು ತೊಟ್ಟು ಹಳೆಯದಿಲ್ಲ. ಯಜಮಾನರು ಒಳಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದು ಬೋರ್ಡಿನ ಗುಂಡಿ ಒತ್ತಿದರು. ಅಂಕಿಗಳು ಮಿಣುಕಿದವು, ನಿಂತವು.

ದರ ನಿನ್ನೆಗಿಂತ ಹೆಚ್ಚಾಗಿತ್ತು.

“ಇದೇನ್ರೀ ಇದು!” ಎಂದು ಹದಿನೆಂಟು ಗಂಟಲುಗಳು ಒಟ್ಟಿಗೇ ಕೂಗಿದವು.

ಯಜಮಾನರು ಎರಡೂ ಕೈ ಎತ್ತಿದರು. “ನಾನೇನ್ ಮಾಡ್ಲಿ ಸ್ವಾಮಿ? ಈ ಬಡಾವಣೇಲಿ ಹದಿನೈದು ದಿನದಿಂದ ಎರಡು ಪಟ್ಟು ಮಾರಾಟ ಆಗಿದೆ. ಕಂಪನಿಯವರು ಕೇಳಿದ್ರು, ಅಷ್ಟು ದರದಲ್ಲೂ ಜನ ಮುಗಿಬಿದ್ದು ಕೊಳ್ತಾ ಇದ್ದಾರೆ ಅಂದ್ರೆ ಇಳಿಸೋದ್ಯಾಕೆ ಅಂತ.”

“ಆದ್ರೆ ಇದು ಹೊಸ ಸ್ಟಾಕು!” ಎಂದರು ಉಗ್ರಾಣಿಯವರು.

“ನಮಗೆ ಹೊಸದು ಸಾರ್. ಎಣ್ಣೆ ಶುದ್ಧ ಮಾಡೋ ಕಾರ್ಖಾನೆಯವರಿಗೆ ಇದು ಹಳೇ ಸ್ಟಾಕು. ಅವರು ಹಳೇ ದರದಲ್ಲಿ ತಂದ ಕಚ್ಚಾ ತೈಲ ಇನ್ನೂ ಮುಗಿದಿಲ್ಲ. ಅವರಿಗೆ ಕೊಟ್ಟ ಹಡಗಿನವರದ್ದೂ ಹಳೇ ಸ್ಟಾಕೇ.”

“ಹಾಗೆ ನೋಡಿದ್ರೆ” ಎಂದರು ಮೇಷ್ಟ್ರು, ಸಂದರ್ಭ ತಿಳಿಯದೆ, “ನೆಲದೊಳಗೆ ಅದು ಕೋಟ್ಯಂತರ ವರ್ಷಗಳಿಂದ ಇರೋದು. ಪೂರ್ತಿ ಹಳೇ ಸ್ಟಾಕು.”

ಉಗ್ರಾಣಿಯವರು ಸ್ಕೂಟರಿನ ಹಿಡಿ ಹಿಡಿದುಕೊಂಡು ನಿಂತೇ ಇದ್ದರು. ಆಗ ಗುಂಪಿನ ಹಿಂದಿನಿಂದ ಅಕ್ಕ ಬಂದರು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ನಿಂಬೆಹಣ್ಣು. ಚೀಲದ ಬಾಯಿಂದ ಹಳದಿ ಉಲ್ಲನ್ ಇಣುಕುತ್ತಿತ್ತು. ಬಂಕಿನ ಎದುರಿಗೇ ಬಸ್ ನಿಲ್ದಾಣ.

“ಯಜಮಾನ್ರೇ, ಒಂದು ಮಾತು” ಎಂದರು. “ಹೋದ ವರ್ಷ ಎಲ್ಲೋ ಯುದ್ಧ ಅಂತ ಬೆಳಗ್ಗೆ ರೇಡಿಯೋದಲ್ಲಿ ಹೇಳಿದ್ರು. ಮಧ್ಯಾಹ್ನಕ್ಕೆಲ್ಲ ನೀವು ದರ ಏರಿಸಿದ್ರಿ. ಆವತ್ತು ಟ್ಯಾಂಕಿನಲ್ಲಿ ಇದ್ದಿದ್ದು ಹಳೇ ಸ್ಟಾಕಲ್ವಾ?”

ಹನ್ನೊಂದು ತಿಂಗಳಿಂದ ಈ ಪ್ರಶ್ನೆ ಇಡೀ ಬೀದಿಯಲ್ಲಿ ಒಬ್ಬ ಗಂಡಸಿಗೂ ಹೊಳೆದಿರಲಿಲ್ಲ. ವಿಜ್ಞಾನದ ಮೇಷ್ಟ್ರಿಗೂ ಹೊಳೆದಿರಲಿಲ್ಲ. ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಯಜಮಾನರು ಕೆಟ್ಟ ಮನುಷ್ಯರಲ್ಲ. “ನಿಮ್ಮ ಹತ್ರ ಸುಳ್ಳು ಯಾಕಮ್ಮಾ” ಎಂದರು. “ಏರೋವಾಗ ಹೊಸ ಸ್ಟಾಕಿನ ಲೆಕ್ಕ, ಇಳಿಯೋವಾಗ ಹಳೇ ಸ್ಟಾಕಿನ ಲೆಕ್ಕ. ನೀವು ಕೊಡೋದ್ರಲ್ಲಿ ದೊಡ್ಡ ಪಾಲು ತೆರಿಗೆ, ಅದಂತೂ ಕಚ್ಚಾ ತೈಲ ಇಳೀತು ಅಂತ ಇಳಿಯಲ್ಲ. ಉಳಿದಿದ್ರಲ್ಲಿ ಅವರು ಮೊದಲು ಇಳಿಸ್ಲಿ ಅಂತ ನಾವು ಕಾಯ್ತೀವಿ, ನಾವು ಇಳಿಸ್ಲಿ ಅಂತ ಅವರು ಕಾಯ್ತಾರೆ. ಜನ ಒಂದು ವಾರ ಬೈತಾರೆ, ಆಮೇಲೆ ಅಭ್ಯಾಸ ಮಾಡ್ಕೋತಾರೆ. ಅಷ್ಟೇ ಅಮ್ಮಾ.”

ಅಕ್ಕ ತಲೆಯಾಡಿಸಿ ಗಂಡನ ಕಡೆ ತಿರುಗಿದರು. “ನಿನ್ನೆ ಸಂಜೆ ಮಗು ಎರಡು ಹೆಜ್ಜೆ ಹಾಕಿತಂತೆ. ಅದು ಕತ್ತು ನಿಲ್ಲಿಸಿದ್ದು ನಾನು ನೋಡ್ಲಿಲ್ಲ. ಕವುಚಿದ್ದು ನೋಡ್ಲಿಲ್ಲ. ಎಳೇ ಮಗೂನ ಒಂದು ಸಲ ಮಡಿಲಲ್ಲಿ ಹಾಕ್ಕೊಂಡು ಕೂತ್ಕೋಬೇಕು ಅಂತ ಎಷ್ಟು ಆಸೆ ಇತ್ತು ನನಗೆ. ಇನ್ನು ಅದು ಯಾವ ದರಕ್ಕೂ ಸಿಗಲ್ಲ ಕಣ್ರೀ.” ನಿಂಬೆಹಣ್ಣು ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡರು. “ನಾನು ಬಸ್ಸಿಗೆ ಹೋಗ್ತೀನಿ.”

“ಲೇ, ನಿನಗೆ ಬಸ್ಸು ಆಗಲ್ಲ...”

“ವಾಂತಿ ಆಗುತ್ತೆ, ಅಷ್ಟೇ ತಾನೇ?”

“ನನ್ನ ಊಟ?” ಎಂದುಬಿಟ್ಟರು ಉಗ್ರಾಣಿಯವರು. ಕೆಲವರ ಬಾಯಿಗೆ ಬೀಗ ಹಾಕಲು ದೇವರಿಗೂ ಪುರುಸೊತ್ತು ಸಿಗುವುದಿಲ್ಲ.

“ಅಡುಗೆಮನೇಲಿ ಹಳೇ ಸ್ಟಾಕಿದೆ” ಎಂದರು ಅಕ್ಕ. “ಮೊದಲು ಅದನ್ನ ಮುಗಿಸಿ.”

ಬಸ್ಸು ಬಂತು. ಅಕ್ಕ ಹತ್ತಿ, ಕಿಟಕಿಯ ಪಕ್ಕ ಕೂತು, ನಿಂಬೆಹಣ್ಣನ್ನು ಮೂಗಿಗೆ ಹಿಡಿದರು. ಬಸ್ಸು ಹೊರಟಿತು. ಹದಿನೆಂಟು ಜನ ಖಾಲಿ ಗಾಡಿಗಳನ್ನು ಹಿಡಿದುಕೊಂಡು ನಿಂತಿದ್ದೆವು.

ಉಗ್ರಾಣಿಯವರು ಒಮ್ಮೆ ಬೋರ್ಡು ನೋಡಿದರು, ಒಮ್ಮೆ ಬಸ್ಸು ನೋಡಿದರು. ಆಮೇಲೆ ಸ್ಕೂಟರನ್ನು ಪಂಪಿನ ಕಡೆ ಓಡುತ್ತಾ ತಳ್ಳಿದರು.

“ಎಷ್ಟಕ್ಕೆ ಹಾಕ್ಲಿ ಸಾರ್?” ಎಂದಳು ಬಂಕಿನ ಹೆಂಗಸು.

“ತುಂಬಿಸಮ್ಮಾ. ಮೇಲಿನವರೆಗೆ.”

“ಝೀರೋ ನೋಡ್ಕೊಳ್ಳಿ ಸಾರ್.”

ಇಷ್ಟು ವರ್ಷ ಕನ್ನಡಕ ಒರೆಸಿ, ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ಝೀರೋ ನೋಡುತ್ತಿದ್ದ ಮನುಷ್ಯ ಅಂದು ಮೀಟರಿನ ಕಡೆ ತಿರುಗಲಿಲ್ಲ. ಅವರ ಕಣ್ಣು ರಸ್ತೆಯ ತಿರುವಿನಲ್ಲಿತ್ತು. ಯಜಮಾನರಿಗೇ ಪಾಪ ಅನ್ನಿಸಿರಬೇಕು, ಹತ್ತಿರ ಬಂದು ಪಿಸುಗುಟ್ಟಿದರು: “ಒಂದೆರಡು ದಿನ ಕಾದ್ರೆ ಇಳೀಬಹುದು ಸಾರ್.”

“ನೀವು ಕಾಯ್ರಿ” ಎಂದರು ಉಗ್ರಾಣಿಯವರು. ಕೈಗೆ ಬಂದಷ್ಟು ನೋಟು ಯಜಮಾನರ ಜೇಬಿಗೆ ತುರುಕಿ, ಚಿಲ್ಲರೆ ಕೂಡ ಕೇಳದೆ ಬಸ್ಸಿನ ಹಿಂದೆ ಹೊರಟರು. ತಿರುವಿನಲ್ಲಿ ಅವರ ಸ್ಕೂಟರ್ ಬಸ್ಸಿನ ಹೊಗೆಯೊಳಗೆ ಮಾಯವಾಗುವುದು ಕಂಡಿತು. ಮುಂದಿನ ನಿಲ್ದಾಣದಲ್ಲಿ, ಮೊದಲ ವಾಂತಿಯಾದ ಮೇಲೆ, ಅಕ್ಕ ಇಳಿದು ಸ್ಕೂಟರ್ ಹತ್ತಿದರಂತೆ. ಅಲ್ಲಿ ಅವರಿಬ್ಬರ ನಡುವೆ ಏನು ಮಾತಾಯಿತೋ ಗೊತ್ತಿಲ್ಲ. ಅಲ್ಲಿಗೆ ನಮ್ಮ ಗೋಡೆ ಮುಟ್ಟುವುದಿಲ್ಲ.

ಮಾರನೇ ದಿನ ಬೆಳಗ್ಗೆ ದರ ಇಳಿಯಿತು. ಲೀಟರಿಗೆ ಎರಡು ಕಾಸು.

ಒಂಬತ್ತು ದಿನ ಬಿಟ್ಟು ಅವರು ವಾಪಸಾದರು. ಸ್ಕೂಟರಿನ ಬಲಗಡೆಯ ಕನ್ನಡಿಗೆ ನೆತ್ತಿಯಿಲ್ಲದ ಹಳದಿ ಕುಲಾವಿ ತೊಡಿಸಿತ್ತು. ಹಿಂದಿನಿಂದ ಏನು ಬರುತ್ತಿದೆಯೆಂದು ಕಾಣುವಂತಿರಲಿಲ್ಲ. ನಾನು ತೆಗೆಯಲು ಕೈ ಚಾಚಿದೆ. “ಮುಟ್ಟಬೇಡಿ!” ಎಂದು ಇಬ್ಬರೂ ಒಟ್ಟಿಗೇ ಕಿರುಚಿದರು. “ಅವಳೇ ಹಾಕಿದ್ದು” ಎಂದರು ಅಕ್ಕ, ಮುಖವೆಲ್ಲ ನಗು.

“ನಡೀತಾಳಾ ಈಗ?” ಎಂದು ಕೇಳಿದೆ.

“ನಡೆಯೋದಾ? ಓಡ್ತಾಳೆ!” ಎಂದರು ಉಗ್ರಾಣಿಯವರು. “ನನ್ನ ಕಣ್ಣ ಮುಂದೆನೇ ಓಡಿದ್ಲು. ಬರೋ ಭಾನುವಾರ ಮತ್ತೆ ಹೋಗ್ತಾ ಇದ್ದೀವಿ.” ಚೀಲದಿಂದ ಅಂಗಡಿಯ ಕಾಗದ ಸುತ್ತಿದ ಹೊಚ್ಚ ಹೊಸ ಹಳದಿ ಉಲ್ಲನ್ ಉಂಡೆ ತೆಗೆದು ತೋರಿಸಿದರು.

ಅಷ್ಟರಲ್ಲಿ ಮೇಷ್ಟ್ರು ಎದುರು ಮನೆಯಿಂದ ಅವಸರವಾಗಿ ರಸ್ತೆ ದಾಟಿ ಬಂದರು. ಒಂಬತ್ತು ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಸುದ್ದಿ. “ಉಗ್ರಾಣಿಗಳೇ, ನೀವು ಹೋದ ಮಾರನೇ ದಿನಾನೇ ಬಂಕಿನಲ್ಲಿ ದರ...”

ಉಗ್ರಾಣಿಯವರು ಥಟ್ಟನೆ ಎರಡೂ ಕಿವಿ ಮುಚ್ಚಿಕೊಂಡರು.

“ಹೇಳ್ಬೇಡಿ ಮೇಷ್ಟ್ರೇ, ದಮ್ಮಯ್ಯ! ಇಳಿದಿದೆ ಅಂತ ಗೊತ್ತಾದ್ರೆ, ಇನ್ನೂ ಸ್ವಲ್ಪ ಇಳೀಲಿ ಅಂತ ಕಾಯೋ ಬುದ್ಧಿ ಬಂದುಬಿಡುತ್ತೆ ನನಗೆ.”